ಮೂರನೇ ಸಲ ಬಾರದ ತಟ್ಟೆ

ಚಿಕ್ಕಣ್ಣನವರಿಗೆ ಕೂರುವುದು ಬರುತ್ತಿರಲಿಲ್ಲ. ಅದೇನು ಕಲಿಯಬೇಕಾದ ವಿದ್ಯೆಯೇ ಎಂದು ನೀವು ಕೇಳಬಹುದು. ನಲವತ್ತು ವರ್ಷ ಸೊಪ್ಪು, ಬದನೆ, ಕನಕಾಂಬರ ಬೆಳೆದ ಮನುಷ್ಯ ಅವರು. ಬಗ್ಗುವುದು ಗೊತ್ತಿತ್ತು, ನಿಲ್ಲುವುದು ಗೊತ್ತಿತ್ತು. ಕುರ್ಚಿಯ ಮೇಲೆ ಎರಡು ಗಂಟೆ ಅಲ್ಲಾಡದೆ ಇರುವುದು ಮಾತ್ರ ಅರವತ್ತೆಂಟನೇ ವಯಸ್ಸಿಗೂ ಒಗ್ಗಿರಲಿಲ್ಲ. ಅಂಥವರನ್ನು ಹುಡುಕಿ ತಂದು, ಕೂರುವುದೇ ಕೆಲಸವಾದ ಹುದ್ದೆಗೆ ಹಾಕಿದ್ದರು. ಬಸವೇಶ್ವರನಗರದಲ್ಲಿ ಅವರ ಮನೆಯಿದ್ದ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಅವರು ಗೌರವಾಧ್ಯಕ್ಷರು.

ಆ ಬಡಾವಣೆ ಎದ್ದದ್ದೇ ಅವರಪ್ಪನ ಹೊಲದ ಮೇಲೆ. ಹೊಲ ಹೋದ ಮೇಲೆ ಉಳಿದದ್ದು ಒಂದು ಮನೆ; ಮೇಲೆ ಗಂಡ ಹೆಂಡತಿ, ಕೆಳಗೆ ಬಾಡಿಗೆಯವರು. 'ಮೂಲದವರು, ಹಿರಿಯರು' ಎಂದು ಸಂಘದವರು ಮೂರು ವರ್ಷದ ಹಿಂದೆ ಕರೆದು ನಡುವಿನ ಕುರ್ಚಿ ಕೊಟ್ಟಿದ್ದರು. ಸ್ವಾತಂತ್ರ್ಯ ದಿನಕ್ಕೂ ರಾಜ್ಯೋತ್ಸವಕ್ಕೂ ಬಾವುಟ ಏರಿಸಬೇಕು, ಮಕ್ಕಳಿಗೆ ಸ್ಟೀಲ್ ಲೋಟದ ಬಹುಮಾನ ಕೊಡಬೇಕು, ಮೈಸೂರು ಪೇಟ ಹಾಕಿಸಿಕೊಂಡು ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಫೋಟೋಗೆ ನಗಬೇಕು, ತೋರಿಸಿದ ಕಡೆ ಸಹಿ ಹಾಕಬೇಕು. ಒಟ್ಟಿನಲ್ಲಿ ಉತ್ಸವಮೂರ್ತಿಯ ಕೆಲಸ. ಮಿಕ್ಕದ್ದೆಲ್ಲ ಕಾರ್ಯದರ್ಶಿ ಗಂಗಾಧರಯ್ಯನವರದು. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯಾಗಿದೆ ಎಂಬ ಸುದ್ದಿ ಮಾತ್ರ ಅವರಿಗಿನ್ನೂ ತಲುಪಿದಂತಿರಲಿಲ್ಲ.

ಎರಡು ಸಾವಿರದ ಏಳನೇ ಇಸವಿಯ ಜೂನ್ ತಿಂಗಳಿಗೆ ಚಿಕ್ಕಣ್ಣನವರ ಮೂರು ವರ್ಷ ಮುಗಿಯುತ್ತಾ ಬಂತು. ಅದೇ ಹೊತ್ತಿಗೆ ದಿಲ್ಲಿಯಲ್ಲಿ ರಾಷ್ಟ್ರಪತಿಗಳ ಅವಧಿಯೂ ಮುಗಿಯುತ್ತಿತ್ತು. ಅವರು ಇನ್ನೊಂದು ಸಲ ನಿಲ್ಲಬೇಕೋ ಬೇಡವೋ ಎಂದು ಟೀವಿಯವರು ಸಂಜೆಯಾದರೆ ಜಗಳಕ್ಕೆ ಕೂರುತ್ತಿದ್ದರು. ಪಾರ್ಕಿನ ಕಲ್ಲುಬೆಂಚಿನ ಮೇಲೆ ಆ ವಿಷಯ ತೀರ್ಮಾನ ಮಾಡಿ ಮುಗಿಸಿದವರು, "ಅಲ್ಲಿದು ಬಿಡಿ, ನಮ್ಮ ಯಜಮಾನ್ರು ಏನ್ ಮಾಡ್ತಾರೆ?" ಎಂದು ಚಿಕ್ಕಣ್ಣನವರ ಕಾಲೆಳೆಯುತ್ತಿದ್ದರು.

"ನಂದೇನಿದೆ ಬಿಡ್ರಪ್ಪ, ಸಾಕು," ಎನ್ನುತ್ತಿದ್ದರು ಅವರು.

ಅವರ ಬಾಯಿಂದ ಬರುವ ಸಾಕು, ಬೇಡಗಳ ತೂಕ ಗೊತ್ತಿದ್ದವರು ಜಗತ್ತಿನಲ್ಲಿ ಒಬ್ಬರೇ, ಹೆಂಡತಿ ಮುನಿಲಕ್ಷ್ಮಮ್ಮ. ಚಿಕ್ಕಣ್ಣನವರು 'ಬೇಕು' ಎಂದು ಬಾಯಿಬಿಟ್ಟು ಹೇಳಿದವರೇ ಅಲ್ಲ. ಎರಡನೇ ಮುದ್ದೆ ಹಿಡಿದು ಬಂದರೆ "ಬೇಡ" ಎನ್ನುವರು. ಮತ್ತೆ ಹಿಡಿದರೆ "ಬೇಡ ಕಣೇ" ಎಂದು ತಟ್ಟೆಗೆ ಕೈ ಅಡ್ಡ ಇಡುವರು. ಮೂರನೇ ಸಲಕ್ಕೆ ಕೈ ಸರಿಯುವುದು, ಮುದ್ದೆ ಬೀಳುವುದು. ಇದು ಅವರಪ್ಪನಿಂದ ಬಂದದ್ದು. ಊರ ಯಜಮಾನಿಕೆಯ ವೀಳ್ಯದ ತಟ್ಟೆ ಮನೆ ಬಾಗಿಲಿಗೆ ಬಂದಾಗ ಅಪ್ಪ ಎರಡು ಸಲ ಬೇಡವೆಂದು, ಮೂರನೇ ಸಲ ತಟ್ಟೆ ಮುಂದೆ ಬಂದಾಗ ತೆಗೆದುಕೊಂಡಿದ್ದ. "ಹಿರೀಕ ಬಾಯ್ಬಿಟ್ಟು ಕೇಳಿದ್ರೆ ಯಾರೂ ಇಲ್ಲ ಅನ್ನಂಗಿಲ್ಲ. ಅದಕ್ಕೇ ಹಿರೀಕ ಕೇಳಂಗಿಲ್ಲ. ಕೇಳ್ದ ಅಂದ್ರೆ ಸಿಗೋದು ಸಿಗ್ತದೆ, ಮರ್ಯಾದೆ ಹೋಗ್ತದೆ," ಎಂದು ಹೇಳಿಕೊಟ್ಟಿದ್ದ. ಮೂರು ವರ್ಷದ ಹಿಂದೆ ಸಂಘದವರೂ ಮೂರು ಸಲ ತಟ್ಟೆ ಹಿಡಿದೇ ಒಪ್ಪಿಸಿದ್ದರು. ಆಗಿನ ಕಾರ್ಯದರ್ಶಿ ಪಕ್ಕದ ಹಳ್ಳಿಯವನು, ರೀತಿ ರಿವಾಜು ಗೊತ್ತಿದ್ದವನು. ಆಮೇಲೆ ಅವನು ಮನೆ ಮಾರಿ ಕೆಂಗೇರಿ ಕಡೆಗೆ ಹೋದ, ಗಂಗಾಧರಯ್ಯನವರು ಬಂದರು.

ನಿಜ ಹೇಳಬೇಕೆಂದರೆ, ಈ ಸಲ ಚಿಕ್ಕಣ್ಣನವರಿಗೆ ಸಾಕೇ ಆಗಿತ್ತು. ಮಂಡಿ ನೋವೊಂದೇ ಅಲ್ಲ, ಹನುಮಕ್ಕನೂ ಕಾರಣ. ಹನುಮಕ್ಕ ಬಡಾವಣೆಯ ಮೂಲೆಯಲ್ಲಿ ಹದಿನೈದು ವರ್ಷ ಸೊಪ್ಪು ಮಾರಿದವಳು. ಹೋದ ವರ್ಷ ಗಾಡಿಗಳನ್ನೂ ಬುಟ್ಟಿಗಳನ್ನೂ ಅಲ್ಲಿಂದ ಎಬ್ಬಿಸಿದಾಗ ನೇರವಾಗಿ ಇವರ ಮನೆಗೆ ಬಂದು, "ಅಣ್ಣ, ನೀವೇ ಸಹಿ ಹಾಕಿದೀರಂತೆ," ಎಂದಳು. ಇವರು ಇಲ್ಲ, ನೋಡಾಣ ಎಂದರು. ಹಾಕಿದ್ದರು. ಕಾಗದ ಇಂಗ್ಲಿಷಿನದು, ಕೆಳಗಿದ್ದ ಕನ್ನಡದ ಸಹಿ ಮಾತ್ರ ಅವರದೇ. ಹನುಮಕ್ಕ ಈಗ ಸುಂಕದಕಟ್ಟೆಯ ಹತ್ತಿರ ಎಲ್ಲೋ ಕೂರುತ್ತಾಳೆಂದು ಕೇಳಿ, ಆ ಕಡೆಗೆ ಹೋಗುವುದನ್ನೇ ಬಿಟ್ಟಿದ್ದರು. ಅಂದಿನಿಂದ ಕುರ್ಚಿ ಇನ್ನೂ ಚುಚ್ಚುತ್ತಿತ್ತು.

ಸರ್ವಸದಸ್ಯರ ಸಭೆ ಭಾನುವಾರ. ಸೋಮವಾರವೇ ಗಂಗಾಧರಯ್ಯನವರು ಒಂದು ಕಾಗದ ಹಿಡಿದು ಮೆಟ್ಟಿಲು ಹತ್ತಿದರು. ಚಿಕ್ಕಣ್ಣನವರು ತಾರಸಿಯ ಕುಂಡದಲ್ಲಿ ಕರಿಬೇವಿಗೆ ಮಣ್ಣು ಕೊಡುತ್ತಿದ್ದರು.

"ಯಜಮಾನ್ರೇ, ಇಲ್ಲೊಂದು ಸಹಿ."

"ಕೈಯೆಲ್ಲ ಮಣ್ಣು ಸ್ವಾಮಿ. ಇಟ್ಟೋಗಿ, ಹಾಕಿಡ್ತೀನಿ."

ಹಾಕಲಿಲ್ಲ. ಇದೂ ಇಂಗ್ಲಿಷಿನದೇ. ಸಂಜೆ ಕೆಳಗಿನ ಮನೆಯ ಬಾಡಿಗೆ ಹುಡುಗಿ ಶಿಲ್ಪಾ ಕೆಲಸದಿಂದ ಬರುವುದನ್ನೇ ಕಾದು ಅವಳ ಕೈಗೆ ಕೊಟ್ಟರು. ಗದಗಿನ ಕಡೆಯವಳು, ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಅವಳು ಗೇಟಿನ ಹತ್ತಿರವೇ ನಿಂತು ಓದಿದಳು.

"ಅಜ್ಜಾರ, ಆ ಮೂಲಿ ಮ್ಯಾಲಿನ ನಳ ತಗಸ್ರಿ ಅಂತ ನೀರಿನವರಿಗೆ ಬರ್ದಾರ. ಮಂದಿ ಸೇರ್ತಾರ, ಹೊಲಸ ಆಗ್ತೈತಿ, ಜಗಳ ಆಗ್ತಾವ ಅಂತ. ಅಲ್ಲಿ ಬಡಾವಣೆ ಹೆಸರಿಂದು ಕಮಾನ ಕಟ್ತಾರಂತ."

ಚಿಕ್ಕಣ್ಣನವರು ಗೇಟಿನ ಚಿಲಕವನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆ ನಲ್ಲಿ ಇದ್ದದ್ದು ಅವರಪ್ಪನ ಬಾವಿಯ ಜಾಗದಲ್ಲಿ. ಬಾವಿ ಮುಚ್ಚುವಾಗ, ಬದಲಿಗೆ ಒಂದು ನಲ್ಲಿಯಾದರೂ ಹಾಕಿಕೊಡಿ ಎಂದು ಊರವರೆಲ್ಲ ಕೇಳಿ ಹಾಕಿಸಿಕೊಂಡದ್ದು. ಈಗ ಬಡಾವಣೆಯ ಮನೆಗಳಿಗೆಲ್ಲ ಒಳಗೇ ನೀರು. ನಲ್ಲಿಗೆ ಬರುವವರು ಹಿಂದಿನ ಬೀದಿಯ ಶೀಟಿನ ಮನೆಗಳಲ್ಲಿದ್ದ ರಾಯಚೂರು, ಗದಗ, ಕೊಪ್ಪಳದ ಕಡೆಯ ಗಾರೆ ಕೆಲಸದವರು.

ಮರುದಿನ ಬೆಳಿಗ್ಗೆ ಅವರು ನಲ್ಲಿಯ ಕಡೆಗೇ ನಡೆದರು. ಕಸ್ತೂರೆವ್ವ ಕೊಡ ಇಟ್ಟುಕೊಂಡು ನಿಂತಿದ್ದಳು. ಜೋಳದ ರೊಟ್ಟಿ ತಟ್ಟಿ ಮನೆಮನೆಗೆ ಕೊಡುವವಳು. ಶಿಲ್ಪಾಳಿಗೂ ಅವಳದೇ ರೊಟ್ಟಿ.

"ಯಜಮಾನ್ರ, ನಳ ಕೀಳ್ತಾರಂತ. ಖರೇ ಏನ್ರೀ?"

"ಯಾರಂದ್ರಮ್ಮ?"

"ಸೆಕ್ರೆಟ್ರಿ ಸಾಹೇಬ್ರ ಮನ್ಯಾಗ ಭಾಂಡೆ ತಿಕ್ಕಾಕಿ ಅಂದ್ಲರಿ. ನಿಮ್ಮ ಸಹಿ ಅಷ್ಟ ಬಾಕಿ ಐತಂತ."

"ಇದು ಹೋದ್ರೆ ನೀರಿಗೆ ಎಲ್ಲಿಗೆ ಹೋಗ್ತೀಯಮ್ಮ?"

"ಮಾಗಡಿ ರೋಡ್ ದಾಟಬೇಕ್ರಿ. ಮುಂಜಾನಿ ನೀರು ಸಿಗಲಿಲ್ಲಂದ್ರ ಹಿಟ್ಟು ನಾದಾಕ ಆಗೂದಿಲ್ಲ. ರೊಟ್ಟಿ ಇಲ್ಲಂದ್ರ ನಾ ಈ ಊರಾಗ ಇದ್ದು ಏನ್ ಮಾಡ್ಲಿ?" ಅವಳು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಕೊಡ ಎತ್ತಿಕೊಂಡಳು.

"ನೋಡಾಣ," ಎಂದರು ಚಿಕ್ಕಣ್ಣನವರು. ಹನುಮಕ್ಕನಿಗೂ ಇದೇ ಮಾತು ಹೇಳಿದ್ದು ನೆನಪಾಗಿ ಬಾಯಿ ಕಹಿಯಾಯಿತು.

ಆಮೇಲೆ ಆ ವಾರವಿಡೀ ಅವರು ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದರು. ಪಾರ್ಕಿಗೆ ಹೋದರೆ ಬೆಂಚಿನ ತುದಿಯಲ್ಲಿ ಕೂತು ಏಳುವರು. ಮನೆಗೆ ಬಂದರೆ ತಾರಸಿ, ತಾರಸಿಯಿಂದ ಗೇಟು, ಗೇಟಿನಿಂದ ಮೂಲೆ. ಬುಧವಾರ ಗಂಗಾಧರಯ್ಯನವರು ಕಾಗದ ಕೇಳಲು ಬಂದಾಗ, "ಕನ್ನಡಕ ಸಿಕ್ತಿಲ್ಲ," ಎಂದರು. ಕನ್ನಡಕ ಹಣೆಯ ಮೇಲೇ ಇತ್ತು. ಶುಕ್ರವಾರ ಬಂದಾಗ, "ಇವತ್ತು ಅಮಾವಾಸ್ಯೆ ಸ್ವಾಮಿ, ಬ್ಯಾಡ," ಎಂದರು. ಹಾಕುವುದಿಲ್ಲ ಎಂದು ಹೇಳುವುದಕ್ಕೆ ಅವರಿಗೆ ಧೈರ್ಯವಿರಲಿಲ್ಲ. ಹಾಕದೆ ಇರುವುದಕ್ಕೆ ಅಷ್ಟು ಧೈರ್ಯವೇ ಬೇಕಿರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವರಿಗೆ ತಮ್ಮ ಹುದ್ದೆಯ ಒಳಗುಟ್ಟು ಹೊಳೆಯಿತು. ಬೈಲಾದ ಪ್ರಕಾರ ಗೌರವಾಧ್ಯಕ್ಷರ ಸಹಿ ಇಲ್ಲದೆ ಸಂಘದ ಯಾವ ಪತ್ರವೂ ಹೊರಗೆ ಹೋಗುವಂತಿಲ್ಲ. ಎಷ್ಟು ದಿನದೊಳಗೆ ಹಾಕಬೇಕೆಂದು ಮಾತ್ರ ಆ ಬೈಲಾ ಬರೆದ ಪುಣ್ಯಾತ್ಮರು ಬರೆದಿರಲಿಲ್ಲ.

ಆ ಸಂತೋಷ ಒಂದು ಗಳಿಗೆಯೂ ಉಳಿಯಲಿಲ್ಲ. ಅಮಾವಾಸ್ಯೆಯ ಮಾತಿಗೆ ಗಂಗಾಧರಯ್ಯನವರು ನಕ್ಕರು.

"ಆಗ್ಲಿ ಬಿಡಿ, ಅವಸರ ಇಲ್ಲ. ಭಾನುವಾರ ಆದ್ಮೇಲೆ ಹೊಸಬರ ಕೈಲೇ ಹಾಕ್ಸಿದ್ರಾಯ್ತು. ನಿಮಗೂ ಸಾಕಾಗಿದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀರಲ್ಲ. ಕೊಟ್ರಪ್ಪನವರನ್ನ ಕೇಳಿದೀನಿ."

ಕೊಟ್ರಪ್ಪನವರು ನಿವೃತ್ತ ಕಂಟ್ರಾಕ್ಟರ್. ಕಮಾನಿನ ನಕ್ಷೆ ಬರೆದುಕೊಟ್ಟವರೇ ಅವರು.

ಅಂದು ಸಂಜೆ ಮುನಿಲಕ್ಷ್ಮಮ್ಮ ಅಲಸಂದೆಕಾಳು ಬಿಡಿಸುತ್ತಾ ಗಂಡನ ಓಡಾಟ ನೋಡಿ ನೋಡಿ ಸುಸ್ತಾದರು. "ಸ್ವಲ್ಪ ಕೂತ್ಕೊಳ್ರೀ. ನೆಲ ಸವೆಯುತ್ತೆ."

"ನಾನು ಬಿಟ್ರೆ ಆ ಕೊಟ್ರಪ್ಪ ಕೂತ ದಿನವೇ ಸಹಿ ಹಾಕ್ತಾನೆ ಕಣೇ. ನಲ್ಲಿ ಹೋಗುತ್ತೆ."

"ಹಂಗಾದ್ರೆ ಬಿಡಬೇಡಿ. ಇನ್ನೊಂದು ಸಲ ನಾನೇ ಇರ್ತೀನಿ ಅಂತ ಹೇಳಿ."

"ನಾನಾಗಿ ಹೇಳೋದಾ? ನಮ್ಮಪ್ಪ ಇದ್ದಿದ್ರೆ ನೇಣು ಹಾಕ್ಕೊಳ್ತಿದ್ದ. ಅವ್ರೇ ಕೇಳ್ತಾರೆ ಬಿಡು. ಉಪಚಾರಕ್ಕಾದ್ರೂ ಮೊದಲ ತಟ್ಟೆ ನನಗೇ ಹಿಡೀಬೇಕು. ಮೂರನೇ ಸಲಕ್ಕೆ ಹೂಂ ಅಂದ್ಬಿಡ್ತೀನಿ."

ಮುನಿಲಕ್ಷ್ಮಮ್ಮ ಕಾಳಿನ ಮೊರದಿಂದ ತಲೆ ಎತ್ತಲಿಲ್ಲ. "ಮೂರು ಸಲ ಕೇಳೋಕೆ ಅವ್ರೇನು ನಿಮ್ಮ ಹೆಂಡ್ರಾ?"

ಭಾನುವಾರ ಪಾರ್ಕಿನ ಪಕ್ಕದ ಸಭಾಂಗಣ ತುಂಬಿತ್ತು. ಮನೆ ಮಾಲೀಕರು ಮುಂದೆ, ಬಾಡಿಗೆಯವರು ಹಿಂದೆ. ಶಿಲ್ಪಾ ಬಾಗಿಲ ಹತ್ತಿರ ನಿಂತಿದ್ದಳು. ಚಿಕ್ಕಣ್ಣನವರು ನಡುವಿನ ಕುರ್ಚಿಯಲ್ಲಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ವಾಲುತ್ತಾ, ಜುಬ್ಬಾದ ಜೇಬಿನಲ್ಲಿ ಮಡಿಸಿಟ್ಟ ಕಾಗದವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ವರದಿ ಓದಿದ್ದಾಯಿತು, ಚಪ್ಪಾಳೆ ಆಯಿತು. ಕೊನೆಗೆ ಗಂಗಾಧರಯ್ಯನವರು ವೀಳ್ಯ, ತೆಂಗಿನಕಾಯಿ, ಶಾಲು ಇಟ್ಟ ಬೆಳ್ಳಿ ತಟ್ಟೆ ಹಿಡಿದು ಎದುರಿಗೆ ಬಂದರು.

"ಯಜಮಾನ್ರೇ, ಮೂರು ವರ್ಷ ನಮ್ಮನ್ನೆಲ್ಲ ನಡೆಸಿದೀರಿ. ಇನ್ನೊಂದು ಅವಧಿಗೂ ತಾವೇ ಮುಂದುವರೀಬೇಕು ಅಂತ ಸಂಘದ ಕೋರಿಕೆ."

"ಬೇಡಿ ಸ್ವಾಮಿ. ಬೇರೆ ಯಾರಿಗಾದ್ರೂ ಕೊಡಿ."

"ಹಾಗನ್ಬಾರ್ದು. ತಾವು ಹಿರಿಯರು."

"ವಯಸ್ಸಾಯ್ತು. ಬೇಡಿ."

ಎರಡಾಯಿತು. ಬಾಯಿ ತಾನಾಗಿಯೇ ಆಡಿತ್ತು, ಇಷ್ಟು ವರ್ಷ ಆಡಿದ ಹಾಗೆ. ಚಿಕ್ಕಣ್ಣನವರು ಒಳಗೊಳಗೇ ಕೈ ಸಡಿಲ ಮಾಡಿಕೊಂಡು ಮೂರನೆಯದಕ್ಕೆ ಕಾದರು. ಮೂರನೆಯದು ಬರಲಿಲ್ಲ.

"ಹಿರಿಯರು ಎರಡೆರಡು ಸಲ ಹೇಳಿದ ಮೇಲೆ ಒತ್ತಾಯ ಮಾಡೋದು ಸಭ್ಯತೆ ಅಲ್ಲ. ಅವರ ಸೇವೆಗೆ ಒಂದು ಚಪ್ಪಾಳೆ," ಎಂದು ಗಂಗಾಧರಯ್ಯನವರು ತಿರುಗಿದರು. ಚಪ್ಪಾಳೆ ಬಿತ್ತು. ತಟ್ಟೆ ಮೂರು ಕುರ್ಚಿ ದಾಟಿ ಕೊಟ್ರಪ್ಪನವರ ಮುಂದೆ ಹೋಯಿತು. ಇದು ಕಚೇರಿಯಲ್ಲಿ ಕಲಿತ ಕುಯುಕ್ತಿಯೋ, ಊರಿನ ರೀತಿ ತಿಳಿಯದವರ ಪ್ರಾಮಾಣಿಕ ಮರ್ಯಾದೆಯೋ, ಚಿಕ್ಕಣ್ಣನವರಿಗೆ ಕೊನೆಗೂ ತಿಳಿಯಲಿಲ್ಲ.

ಕೊಟ್ರಪ್ಪನವರು "ಛೆ, ನನಗ್ಯಾಕೆ," ಎಂದರು. ಎನ್ನುವಾಗಲೇ ಅವರ ಎರಡೂ ಕೈ ತಟ್ಟೆಯ ಅಂಚಿಗೆ ಹೋಗಿದ್ದವು.

ಚಿಕ್ಕಣ್ಣನವರಿಗೆ ಅಪ್ಪನ ಮುಖ ಕಂಡಿತು. ಅದರ ಹಿಂದೆಯೇ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದ ಹನುಮಕ್ಕನ ಬೆನ್ನು ಕಂಡಿತು. ಆ ಬೆನ್ನಿನದೇ ಕೈಮೇಲಾಯಿತು. ಅವರು ಎದ್ದು ನಿಂತರು. ಹೊಸಬರಿಗೆ ಹಾರ ಹಾಕಲು ಎದ್ದರೆಂದು ತಿಳಿದು ಸಭೆ ಸುಮ್ಮನಾಯಿತು.

"ತಡೀರಿ," ಎಂದರು. ಗಂಟಲು ಒಣಗಿತ್ತು. "ನಂಗೆ ಬೇಕು."

"ಏನು, ನೀರಾ ಯಜಮಾನ್ರೇ?" ಎಂದು ಗಂಗಾಧರಯ್ಯನವರು ಮೇಜಿನ ಮೇಲಿನ ಬಾಟಲಿ ಎತ್ತಿದರು.

"ಆ ತಟ್ಟೆ. ಇನ್ನೊಂದು ಅವಧಿ ನಂಗೇ ಬೇಕು."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ಮುಂದಿನ ಸಾಲಿನವರು ತಮ್ಮ ತಮ್ಮ ಮೊಬೈಲ್ ನೋಡಿಕೊಂಡರು. ಹಿಂದಿನಿಂದ ಯಾವನೋ ಒಬ್ಬ, "ಕುರ್ಚಿ ಆಸೆ ಯಾರನ್ನ ಬಿಟ್ಟಿದೆ ಗುರು," ಎಂದ. ನಗು ಸಾಲಿನಿಂದ ಸಾಲಿಗೆ ಹರಿಯಿತು. ಚಿಕ್ಕಣ್ಣನವರ ಮುಖ ಕೆಂಡವಾಯಿತು. ನಲ್ಲಿಗೋಸ್ಕರ ಕೇಳುತ್ತಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಆ ನಗು ನಿಲ್ಲುತ್ತಿತ್ತು. ಹೇಳಿದರೆ ನಲ್ಲಿ ಚರ್ಚೆಗೆ ಬೀಳುತ್ತಿತ್ತು, ಚರ್ಚೆಗೆ ಬಿದ್ದರೆ ಕೈ ಎತ್ತಿಸುತ್ತಿದ್ದರು, ಕೈ ಎತ್ತಿಸಿದರೆ ಕಮಾನೇ ಗೆಲ್ಲುತ್ತಿತ್ತು. ಅಷ್ಟು ಅವರಿಗೆ ಗೊತ್ತಿತ್ತು. ಅದಕ್ಕೇ ಆಸೆಬುರುಕ ಮುದುಕನ ಹಾಗೆ, ಎಲ್ಲರೂ ನೋಡುತ್ತಿದ್ದಂತೆಯೇ, ಕೈ ಚಾಚಿಕೊಂಡು ನಿಂತರು. ಅಷ್ಟು ಹೊತ್ತು ಅವರು ಜೀವಮಾನದಲ್ಲಿ ಎಂದೂ ನಿಂತಿರಲಿಲ್ಲ ಎನ್ನಿಸಿತು.

ಕೊಟ್ರಪ್ಪನವರೇ ಮೊದಲು ಕೈ ಹಿಂದೆ ತೆಗೆದರು. "ಹಿರಿಯರು ಬಾಯಿಬಿಟ್ಟು ಕೇಳಿದ ಮೇಲೆ ಮುಗೀತಲ್ಲ. ಅವರಿಗೇ ಕೊಡಿ," ಎಂದರು. ತಟ್ಟೆ ಬಂದ ದಾರಿಯಲ್ಲೇ ಮರಳಿತು. ಅಪ್ಪ ಹೇಳಿಕೊಟ್ಟದ್ದು ಎರಡೂ ಕಡೆ ನಿಜವಾಯಿತು. ಸಿಗುವುದು ಸಿಕ್ಕಿತು. ಶಾಲನ್ನು ಮಾತ್ರ ಈ ಸಲ ಹೆಗಲಿಗೆ ಹೊದಿಸಲಿಲ್ಲ, ಮಡಿಕೆ ಬಿಚ್ಚದೆ ತೊಡೆಯ ಮೇಲೆ ಇಟ್ಟರು. ಪೇಟ ತರಲು ಯಾರೂ ಏಳಲಿಲ್ಲ, ಫೋಟೋದವನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ.

"ಹಂಗಾದ್ರೆ ಆ ಪತ್ರಕ್ಕೆ ಸಹಿ ಈಗ್ಲೇ ಆಗ್ಬಿಡ್ಲಿ," ಎಂದು ಗಂಗಾಧರಯ್ಯನವರು ಪೆನ್ನಿನ ಮುಚ್ಚಳ ತೆಗೆದರು. ದನಿಯಲ್ಲಿ ಹಳೆಯ ನಯವಿರಲಿಲ್ಲ.

"ನೋಡಾಣ," ಎಂದರು ಚಿಕ್ಕಣ್ಣನವರು, ಜೇಬಿನ ಮೇಲೆ ಕೈಯಿಟ್ಟುಕೊಂಡು. "ಇನ್ನೂ ಮೂರು ವರ್ಷ ಇದೆಯಲ್ಲ."

ಮನೆಗೆ ಹೋಗುವಾಗ ಮೂಲೆಯಲ್ಲಿ ಕಸ್ತೂರೆವ್ವನ ಕೊಡ ತುಂಬುತ್ತಿತ್ತು. "ಏನಾತ್ರಿ ಯಜಮಾನ್ರ?" ಎಂದಳು. "ತುಂಬ್ಕೊಳ್ಳಮ್ಮ," ಎಂದು ಅವರು ನಿಲ್ಲದೆ ನಡೆದರು. ಗೆದ್ದವರ ನಡಿಗೆ ಅದಾಗಿರಲಿಲ್ಲ. ಕಿವಿಯಲ್ಲಿ ಆ ನಗು ಇನ್ನೂ ಇತ್ತು. ಕಾಗದವನ್ನು ತಂದು ಅಡುಗೆಮನೆಯ ರಾಗಿ ಹಿಟ್ಟಿನ ಡಬ್ಬದ ಕೆಳಗಿಟ್ಟು, ಕೈತೊಳೆದು ಊಟಕ್ಕೆ ಕೂತರು.

ಶಿಲ್ಪಾ ಅವರಿಗಿಂತ ಮೊದಲೇ ಬಂದು ಎಲ್ಲವನ್ನೂ ಹೇಳಿ ಹೋಗಿದ್ದಳು. ಮುನಿಲಕ್ಷ್ಮಮ್ಮ ಒಂದು ಮುದ್ದೆ ಹಾಕಿ ಸಾರು ಬಿಟ್ಟರು. ಅದು ಮುಗಿಯಿತು. ಎರಡನೆಯದನ್ನು ಹಿಡಿದು ಬರಬೇಕಾದವರು ಪಾತ್ರೆಯ ಪಕ್ಕದಲ್ಲೇ ಕೂತಿದ್ದರು.

"ಸಭೇಲಿ ಬೇಕು ಅಂದ್ರಂತೆ."

"ಹೂಂ."

"ಎಲ್ಲರ ಮುಂದೆ."

"ಹೂಂ ಕಣೇ. ನಕ್ಕರು."

"ನಗಲಿ ಬಿಡಿ. ಒಳ್ಳೇ ಕೆಲಸಕ್ಕೇ ಅಂದಿದೀರಿ." ಆಕೆ ಸೌಟನ್ನು ಕೆಳಗಿಟ್ಟರು. "ಹಂಗಾದ್ರೆ ಬೇಕು ಅನ್ನೋ ಮಾತು ನಿಮ್ಮ ಬಾಯಿಗೂ ಬರುತ್ತೆ ಅನ್ನಿ."

ಚಿಕ್ಕಣ್ಣನವರು ತಟ್ಟೆಯಿಂದ ತಲೆ ಎತ್ತಿದರು.

"ನಲವತ್ತಾರು ವರ್ಷ ಮೂರು ಮೂರು ಸಲ ಕೇಳಿದೀನಿ. ಅದು ಹೋಗ್ಲಿ. ನನ್ನ ನೋಡೋಕೆ ನಮ್ಮೂರಿಗೆ ಬಂದಿದ್ರಲ್ಲ, ಹುಡುಗಿ ಒಪ್ಪಿಗೆನಾ ಅಂತ ನಮ್ಮಪ್ಪ ಕೇಳಿದ್ರು. ಬೇಡ ಅಂದ್ರಿ. ಮತ್ತೆ ಕೇಳಿದ್ರು. ಮತ್ತೆ ಬೇಡ ಅಂದ್ರಿ. ಮೂರನೇ ಸಲ ಹೂಂ ಅಂದ್ರಿ ಅಂತ ಎಲ್ಲರೂ ನಕ್ಕೊಂಡು ಎಲೆ ಅಡಿಕೆ ಹಾಕಿದ್ರು. ಬಾಗಿಲ ಹಿಂದೆ ನಿಂತಿದ್ದೋಳು ನಾನು. ಹದಿನೇಳು ವರ್ಷ ನನಗೆ. ನಿಮ್ಮ ರೀತಿ ನನಗೇನು ಗೊತ್ತು? ಆ ಹೂಂ ನನಗೆ ಇವತ್ತಿಗೂ ನೆನಪಿಲ್ಲ. ಆ ಎರಡು ಬೇಡ ಮಾತ್ರ ಹಂಗೇ ಇದಾವೆ."

ಅವರ ಕೈ ತಟ್ಟೆಯಲ್ಲೇ ಒಣಗಿತು. ಇಷ್ಟು ವರ್ಷ ಒಂದೇ ಒಂದು ದಿನವೂ ಅವರಿಗೆ ಅದು ತೋಚಿರಲಿಲ್ಲ. ಬೆಳಿಗ್ಗೆ ಅಷ್ಟು ಜನರ ಮುಂದೆ ಆಡಿದ್ದಕ್ಕಿಂತ ಈಗ ಒಬ್ಬಳ ಮುಂದೆ ಆಡುವುದು ಕಷ್ಟವಾಯಿತು.

"ಆವತ್ತೂ ಬೇಕು ಅಂತಲೇ ಇದ್ದದ್ದು, ಲಕ್ಷ್ಮೀ," ಎಂದರು. "ಮೊದಲನೇ ಸಲ ಕೇಳಿದಾಗಲೇ."

ಮುನಿಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಪಾತ್ರೆಯಿಂದ ಮುದ್ದೆ ತೆಗೆದು, ಬೇಕೋ ಬೇಡವೋ ಎಂದು ಕೇಳದೆ, ತಟ್ಟೆಯ ಕಡೆಗೆ ಹಿಡಿದರು. ಚಿಕ್ಕಣ್ಣನವರು ಕೈ ಅಡ್ಡ ಇಡಲಿಲ್ಲ.